ರಂಗಮ್ಮ ಕೇಳಿದ್ದು

ನಾಗೇಶ ತನ್ನ ಹಾಸಿಗೆಯನ್ನು ಹೊರಗಿನ ಕೋಣೆಗೆ ಒಯ್ದ ದಿನ ರಂಗಮ್ಮನಿಗೆ ಹಳೆಯ ಭಯ ಮರಳಿತು.

ಮೊದಲ ಗಂಡನೂ ಹೀಗೆಯೇ ಶುರುಮಾಡಿದ್ದ. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಹಾಸಿಗೆ ಬೇರೆಯಾಯಿತು. ಒಂದು ಸೋಮವಾರ ಮನುಷ್ಯನೇ ಇರಲಿಲ್ಲ. ಯಾಕೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಹನ್ನೆರಡು ವರ್ಷವಾದರೂ ಆ ಮೌನ ಅವಳನ್ನು ಬಿಟ್ಟಿರಲಿಲ್ಲ. ಈಗ ಈ ಮನೆಯೊಳಗೂ ಬಂದು ಕುಳಿತಂತಿತ್ತು.

ನಲವತ್ತೇಳರ ರಂಗಮ್ಮನಿಗೆ ಕೊಟ್ಟಿಗೆಹಾರದಲ್ಲಿ ಟೈಲರಿಂಗ್ ಅಂಗಡಿ. ಐವತ್ತಾರರ ನಾಗೇಶ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅಂಗಿಗೆ ಅಳತೆ ಕೊಡುವ ನೆಪದಲ್ಲಿ ನಾಲ್ಕು ಸಲ ಬಂದು, ಐದನೇ ಸಲ "ನನ್ನನ್ನ ಮದ್ವೆ ಆಗ್ತೀರಾ?" ಅಂದಿದ್ದ. ಅದಾಗಿ ಮೂರು ವರ್ಷ. ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರಕ್ಕೆ ಒದ್ದಾಡುತ್ತಿದ್ದವನಿಗೆ ಎರಡು ತಿಂಗಳ ಹಿಂದೆ ಚಿಕ್ಕಮಗಳೂರಿನಲ್ಲಿ ಆಪರೇಷನ್ ಆಗಿತ್ತು.

ಹದಿನೈದು ದಿನ ಕಾದು, ಒಂದು ಭಾನುವಾರ ಬೆಳಿಗ್ಗೆ, ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವನ ಎದುರು ನಿಂತಳು.

"ಎಂತ ಆಗಿದೆ ನಿಮ್ಗೆ? ಬೇರೆ ಯಾರಾದ್ರೂ ಇದ್ದಾರಾ?"

"ಅಯ್ಯೋ ಮಾರಾಯ್ತಿ, ಎಂತ ಮಾತು!"

"ಮತ್ತೆ ನನ್ನ ಮುಖ ಯಾಕೆ ನೋಡಲ್ಲ?"

ನಾಗೇಶ ಹಿಂಡಿದ ಟವೆಲನ್ನೇ ಮತ್ತೆ ಹಿಂಡಿದ. "ಆಪರೇಷನ್ ಆದ್ಮೇಲೆ ಅವತ್ತು ಒಟ್ಟಿಗಿದ್ದಾಗ... ಕೊನೆಗೆ ಏನೂ ಬರ್ಲಿಲ್ಲ ರಂಗಿ. ಒಂದು ಹನಿನೂ ಇಲ್ಲ. ಗಂಡಸುತನನೇ ತೆಗೆದುಬಿಟ್ರು ಅನ್ಸಿತು. ಗೊತ್ತಾದ್ರೆ ನೀನು ಬಿಟ್ಟು ಹೋಗ್ತೀಯ ಅಂತ ಹೆದ್ರಿಕೆ."

ಹೋಗಿಬಿಡುತ್ತಾನೆಂದು ಹೆದರಿದ್ದವಳು ತಾನು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನವೇ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು.

"ವೀರ್ಯ ಹೊರಗೆ ಬರೋ ಬದ್ಲು ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುತ್ತೆ" ಅಂದರು ಡಾಕ್ಟರು. "ಆಮೇಲೆ ಮೂತ್ರದ ಜೊತೆ ಹೋಗುತ್ತೆ. ಈ ಆಪರೇಷನ್ ಆದ ತುಂಬಾ ಜನಕ್ಕೆ ಹೀಗೇ. ಅಪಾಯ ಏನಿಲ್ಲ. ಮಕ್ಕಳು ಬೇಕು ಅನ್ನೋರಿಗೆ ಮಾತ್ರ ತೊಂದ್ರೆ. ಮೊದ್ಲೇ ಹೇಳಿದ್ದೆನಲ್ಲ?"

ಹೇಳಿದ್ದರು. ಭಯದಲ್ಲಿ ಅವನ ಕಿವಿಗೆ ಬಿದ್ದಿರಲಿಲ್ಲ.

"ಮತ್ತೆ ಸುಖ?" ರಂಗಮ್ಮ ನೇರವಾಗಿ ಕೇಳಿದಳು. ನಾಗೇಶ ಕ್ಯಾಲೆಂಡರ್ ನೋಡತೊಡಗಿದ.

"ಸಾಮಾನ್ಯವಾಗಿ ಅದಕ್ಕೇನೂ ಆಗಲ್ಲಮ್ಮ. ಉದ್ರೇಕಕ್ಕೆ ತೊಂದ್ರೆ ಅನ್ಸಿದ್ರೆ ಬನ್ನಿ, ಔಷಧಿ ಇದೆ."

ವಾಪಸ್ ಬಸ್ಸಿನಲ್ಲಿ ಅವಳು ಓರೆಗಣ್ಣಲ್ಲಿ ನೋಡಿದಳು. "ಡಾಕ್ಟ್ರ ಮುಂದೆ ಕಾಫಿ ಹಣ್ಣಿನ ಹಂಗೆ ಕೆಂಪಾಗಿದ್ರಿ."

"ನಿಂಗೆ ಸ್ವಲ್ಪನೂ ನಾಚಿಕೆ ಇಲ್ಲ" ಅಂದ ಅವನು. ಎಷ್ಟೋ ದಿನದ ಮೇಲೆ ಕಣ್ಣು ತಪ್ಪಿಸಲಿಲ್ಲ.

ಮೂಡಿಗೆರೆಯಲ್ಲಿ ಬಸ್ಸು ನಿಂತಾಗ ಶೌಚಾಲಯಕ್ಕೆಂದು ಇಳಿದ. ಐದು ನಿಮಿಷವಾಯಿತು. ಡ್ರೈವರ್ ಇಂಜಿನ್ ಶುರುಮಾಡಿದ. ಖಾಲಿ ಸೀಟು ನೋಡುತ್ತಿದ್ದಂತೆ ಹಳೆಯ ಸೋಮವಾರ ಎದೆಯೊಳಗೆ ಎದ್ದು ನಿಂತಿತು.

"ನಿಲ್ಸಿ! ನಮ್ಮೋರು ಬರ್ಬೇಕು!" ಕೂಗಿದ ದನಿ ಅವಳಿಗೇ ಅಪರಿಚಿತವಾಗಿತ್ತು.

ನಾಗೇಶ ಏದುಸಿರು ಬಿಡುತ್ತ, ನಗುತ್ತ ಹತ್ತಿ ಬಂದ. ಅವಳ ಮುಖ ನೋಡಿದವನೇ ನಗು ನಿಲ್ಲಿಸಿದ.

"ಎಲ್ಲಿಗೆ ಹೋಗ್ಲಿ ಮಾರಾಯ್ತಿ, ನಿನ್ನ ಬಿಟ್ಟು?"

ರಂಗಮ್ಮ ಎಲ್ಲರೆದುರೇ ಅವನ ಕೈ ಹಿಡಿದಳು. ಕೊಟ್ಟಿಗೆಹಾರ ಬರುವವರೆಗೂ ಅವಳು ಬಿಡಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ.