ಮೂರನೆಯ ಪಟ್ಟಿಯ ದನಿ

1966ನೇ ಇಸವಿ ಅಕ್ಟೋಬರ್ 17, ಸೋಮವಾರ ಬೆಳಿಗ್ಗೆ. ಡೆಟ್ರಾಯಿಟ್‌ನ ಡೆಕ್ಸ್ಟರ್ ರಸ್ತೆಯ ಬಳಿಯ ಠಾಣೆಗೆ ಬಂದ ಸಣ್ಣ ರೆಕಾರ್ಡು ಕಂಪನಿಯ ಮಾಲೀಕ ಕ್ಲಿಯೋಟಿಸ್ ಬ್ರ್ಯಾಗ್, ಟೋಪಿಯಲ್ಲಿ ತುಂಬಿಕೊಂಡು ತಂದಿದ್ದ ಕಪ್ಪು ಚೂರುಗಳನ್ನು ಡಿಟೆಕ್ಟಿವ್ ಸಾರ್ಜೆಂಟ್ ಓರ್ವಿಲ್ ಗೇನ್ಸ್‌ನ ಮೇಜಿನ ಮೇಲೆ ಸುರಿದ. ಕಪ್ಪು ಜನರ ದೂರುಗಳು ಎಲ್ಲೆಲ್ಲೋ ಸುತ್ತಿ ಕೊನೆಗೆ ಬಂದು ಬೀಳುತ್ತಿದ್ದುದು ಆ ಮೇಜಿಗೇ.

"ಹೊಸಾ ರೆಕಾರ್ಡು ಸಾರ್. ಒಂದೂ ಬಿಡ್ದೆ ಒಡೆದು ಹಾಕವ್ರೆ. ನಾಳೆ ವ್ಯಾನು ಬರುತ್ತೆ, ಶಿಕಾಗೋಗೆ, ಕ್ಲೀವ್‌ಲ್ಯಾಂಡ್‌ಗೆ ಹೋಗ್ಬೇಕು. ಈ ಹಾಡು ಹೋಗ್ಲಿಲ್ಲ ಅಂದ್ರೆ ನನ್ನ ಅಂಗಡಿ ಮುಚ್ಚಿದ ಹಾಗೇನೇ."

ಗೇನ್ಸ್ ದೂರು ಬರೆದುಕೊಂಡ. ಭಾನುವಾರ ಬೀದಿಗೆ ಬೀದಿಯೇ ಚರ್ಚಿನಲ್ಲಿದ್ದ ಹೊತ್ತು ಹಿಂಬಾಗಿಲ ಗಾಜು ಒಡೆದು ಯಾರೋ ಒಳನುಗ್ಗಿದ್ದಾರೆ. ಸುತ್ತಿಗೆಯಿಂದ ರೆಕಾರ್ಡುಗಳನ್ನು ಪುಡಿಮಾಡಿ, ರೆಕಾರ್ಡು ಒತ್ತುವ ಅಚ್ಚಿನ ತಟ್ಟೆಗಳನ್ನೂ ಜಜ್ಜಿದ್ದಾರೆ. ಬೇರೆ ಹಾಡುಗಳ ಪೆಟ್ಟಿಗೆ ಮುಟ್ಟಿಲ್ಲ.

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಯಾಕೆ, ಗ್ಯಾರಂಟಿ! ಊರಿನ ದೊಡ್ಡ ರೆಕಾರ್ಡು ಕಂಪನಿಯೋರು. ನಮ್ಮ ಹಾಡು ಅವರದ್ದೇ ಥರ ಕೇಳುತ್ತೆ ಅಂತ ಹೊಟ್ಟೆಉರಿ."

"ಅವರದ್ದೇ ಥರ ಯಾಕೆ ಕೇಳುತ್ತೆ?"

ಬ್ರ್ಯಾಗ್ ಕತ್ತು ಕೆರೆದುಕೊಂಡ. "ಬಾರಿಸೋರು ಅವರೇ ಅಲ್ವಾ ಸಾರ್. ಅಲ್ಲಿ ಡ್ಯೂಟಿ ಮುಗಿಸ್ಕೊಂಡು ಕದ್ದುಮುಚ್ಚಿ ಇಲ್ಲಿಗೆ ಬರ್ತಾರೆ."

ಪೇದೆ ಗೋರ್ಸ್ಕಿಯನ್ನು ಕರೆದುಕೊಂಡು ಗೇನ್ಸ್ ಮಹಜರಿಗೆ ಹೋದ. ಮಾಂಸದಂಗಡಿಯಾಗಿದ್ದ ಜಾಗ ಅದು. ಗೋಡೆಯಲ್ಲಿ ಕೊಕ್ಕೆಗಳು ಇನ್ನೂ ಇದ್ದವು. ನಡುವೆ ಮೈಕು, ಅದರ ಕೆಳಗೆ ಕಾಲಿನಿಂದ ತಾಳ ತಟ್ಟಲು ಒಂದು ಹಲಗೆ. ದನಿಗೆ ಮಾರ್ದನಿಯ ಗುಂಗು ಬರಲೆಂದು ಕಕ್ಕಸಿನೊಳಗೆ ಸ್ಪೀಕರು ಇಟ್ಟಿದ್ದರು.

"ಅಬ್ಬಾ, ಕಕ್ಕಸಿನಿಂದ ಬರೋ ಸಂಗೀತ," ಎಂದ ಗೋರ್ಸ್ಕಿ.

"ನಗಬೇಡಪ್ಪ. ನಿಮ್ಮನೇಲಿ ಕುಣಿಯೋ ಅರ್ಧ ಹಾಡು ಹಿಂಗೇ ಹುಟ್ಟಿರೋದು," ಎಂದು ಬ್ರ್ಯಾಗ್ ಕಾರಿನಲ್ಲಿ ಉಳಿದಿದ್ದ ಒಂದೇ ಒಂದು ರೆಕಾರ್ಡನ್ನು ತಂದು ಹಾಕಿದ.

ಹಲಗೆಯ ತಾಳ, ಅದರ ಮೇಲೆ ಖಂಜರಿ, ಆಮೇಲೆ ಪಿಟೀಲುಗಳ ಅಲೆ. ಎಲ್ಲಕ್ಕೂ ಮೇಲೆ ಸಕ್ಕರೆ ಎಳೆಯಂಥ ಹುಡುಗಿ ದನಿ. ಗೋರ್ಸ್ಕಿಯ ಬೂಟು ತಾನಾಗಿ ಅಲುಗಿತು.

"ಇದು ದೊಡ್ಡ ಕಂಪನಿಯ ಆ ಫೇಮಸ್ ಹಾಡುಗಾರ್ತೀನೇ ಅಲ್ವಾ?"

ಅಷ್ಟು ನಷ್ಟದ ನಡುವೆಯೂ ಬ್ರ್ಯಾಗ್‌ನ ಮುಖ ಅರಳಿತು. "ಮೋಸ ಹೋದ್ಯಾ? ಇವಳು ನಮ್ಮ ಲೋರಿ ವೇಲ್! ನಿಜವಾದ ಹೆಸರು ಒಡೆಸ್ಸಾ ಟಾಲಿವರ್. ಆ ಹೆಸರಿಟ್ಕೊಂಡು ರೆಕಾರ್ಡು ಮಾರೋಕಾಗುತ್ತಾ? ಬಂದಾಗ ದನೀನೂ ಮಂದ. ತಿದ್ದಿ ತೀಡಿ ಇಲ್ಲಿಗೆ ತಂದಿದೀನಿ."

ಟೇಪಿನಲ್ಲಿ ಮೂರು ಪಟ್ಟಿ, ಅಂದರೆ ಮೂರು ಬೇರೆಬೇರೆ ಟ್ರ್ಯಾಕು. ತಾಳಕ್ಕೆ ಒಂದು, ಪಿಟೀಲಿಗೆ ಒಂದು, ಹಾಡುವವಳಿಗೆ ಮೂರನೆಯದು. ಅವಳು ತಪ್ಪಿದಾಗಲೆಲ್ಲ ಬ್ರ್ಯಾಗ್ ಮೂರನೆಯ ಪಟ್ಟಿಯ ಕೆಂಪು ಗುಂಡಿ ಒತ್ತುತ್ತಿದ್ದ. ಹಳೆಯ ದನಿ ಅಳಿಸಿ, ಆಗ ಮೈಕಿಗೆ ಕೇಳಿಸಿದ್ದು ಅಲ್ಲಿ ಕೂರುತ್ತಿತ್ತು.

"ಮೂಲ ಟೇಪು ಎಲ್ಲಿ?" ಗೇನ್ಸ್ ಕೇಳಿದ.

"ಅದು ಭದ್ರ. ಅದೊಂದಿದ್ರೆ ಮತ್ತೆ ಅಚ್ಚು ಹಾಕಿಸ್ತೀನಿ."

ದೊಡ್ಡ ಕಂಪನಿಯ ಕಡೆಯವರು ಬಂದು ಇಣುಕಿದರೆ ತಮ್ಮವರ ಕೈಚಳಕ ಗುರುತು ಹಿಡಿದಾರೆಂದು ಇಂಥ ಅಂಗಡಿಗಳಲ್ಲಿ ಟೇಪಿನ ಡಬ್ಬಿಗೆ ಸುಳ್ಳು ಹೆಸರು ಬರೆಯುವುದು ವಾಡಿಕೆ. ಬ್ರ್ಯಾಗ್ 'ಭಾನುವಾರದ ಬೈಬಲ್ ಪಾಠ' ಎಂಬ ಡಬ್ಬಿಯನ್ನು ತೆಗೆದು ಟೇಪು ಓಡಿಸಿದ.

ತಾಳ ಬಂತು. ಪಿಟೀಲು ಬಂತು. ಹುಡುಗಿ ಬರಲಿಲ್ಲ. ಅವಳಿದ್ದ ಜಾಗದಲ್ಲಿ, ಮೈಕಿಗೆ ಮುಖ ಕೊಡದೆ ನಿಂತಂತೆ, ಬೇರೊಂದು ಹೆಣ್ಣುದನಿ ಅರ್ಧ ಗುನುಗುತ್ತ ಅರ್ಧ ಹಾಡುತ್ತ ಹೊರಟಿತು. ದಪ್ಪ ದನಿ, ತಳದಲ್ಲಿ ತುಸು ಒರಟು. ಗೇನ್ಸ್‌ಗೆ ಏಕೋ ಕೂರಬೇಕೆನಿಸಿತು. ಮುರಿದ ಪೆಟ್ಟಿಗೆಯ ಮೇಲೆ ಕೂತ.

"ಯಾವಳಿವಳು?" ಬ್ರ್ಯಾಗ್ ಕಿರುಚಿದ. "ನನ್ನ ಲೋರೀನ ಅಳಿಸಿಬಿಟ್ಟವ್ಳೆ!"

"ಈ ಡಬ್ಬೀಲಿ ಏನಿದೆ ಅಂತ ಯಾರ್‍ಯಾರಿಗೆ ಗೊತ್ತಿತ್ತು?"

"ಬಾರಿಸಿದೋರು ಮೂವರು. ನಾನು. ಲೋರಿ."

"ಅಂದ್ರೆ ದೊಡ್ಡ ಕಂಪನಿಯೋರಿಗೆ ಗೊತ್ತಿರಲಿಲ್ಲ."



ಬಾರಿಸುವ ಮೂವರೂ ಶನಿವಾರದಿಂದ ಕಂಪನಿಯ ಬಸ್ಸಿನಲ್ಲಿ ಓಹಾಯೋ ಸುತ್ತುತ್ತಿರುವುದು ಫೋನಿನಲ್ಲಿ ಖಚಿತವಾಯಿತು. ಉಳಿದವಳು ಒಬ್ಬಳೇ.

"ಛೆ, ಅವಳ ಗಂಟಲು ಇದಲ್ಲ," ಎಂದ ಬ್ರ್ಯಾಗ್. "ನಂಗೊತ್ತಿಲ್ವಾ ಸಾರ್? ನಾನೇ ತಾನೆ ಅದನ್ನ ಮಾಡಿದ್ದು?"

ಗೇನ್ಸ್ ಆ ದನಿಯನ್ನಷ್ಟೇ ಜೊತೆಗೊಯ್ಯುವ ಚಿಕ್ಕ ಟೇಪ್ ರೆಕಾರ್ಡರಿಗೆ ಇಳಿಸಿಕೊಂಡ.

ಮಧ್ಯಾಹ್ನ ಟಾಲಿವರ್ ಮನೆಯ ಬಾಗಿಲು ತೆಗೆದದ್ದು ತಾಯಿ. ಒಳಗೆ ಹಂದಿಮೂಳೆ ಹಾಕಿದ ಸೊಪ್ಪು ಬೇಯುತ್ತಿತ್ತು. ಮಗಳು ಲಾಂಡ್ರಿಯಿಂದ ಇನ್ನೇನು ಬರುತ್ತಾಳೆ ಎಂದರು.

"ಕೂತ್ಕೊಳ್ಳಪ್ಪ. ಒಂದು ತುತ್ತು ತಿಂದೇ ಹೋಗ್ಬೇಕು. ಈ ಬಿಳೀ ಹುಡುಗನಿಗೂ ಬಡಿಸ್ತೀನಿ, ಅವರಮ್ಮ ಏನೂ ಹಾಕಲ್ವೇನೋ, ಸೀಮೆಸುಣ್ಣ ಇದ್ದಂಗಿದಾನೆ."

ಗೋರ್ಸ್ಕಿ ಕೆಂಪಾದ.

"ಅಮ್ಮಾ, ನಿನ್ನೆ ಒಡೆಸ್ಸಾ ಚರ್ಚಿಗೆ ಬಂದಿದ್ಲಾ?"

"ಇಲ್ಲ ಕಣಪ್ಪ. ಗಂಟಲು ಕಟ್ಟಿದೆ ಅಂತ ಮಲಗಿದ್ಲು. ಯಾಕೆ?"

ಗೇನ್ಸ್ ಯಾಕೆಂದು ಹೇಳಬೇಕಿತ್ತು. ಹೇಳಲಿಲ್ಲ. "ಒಂದು ದನಿ ಕೇಳಿಸ್ತೀನಿ, ಯಾರದ್ದು ಗೊತ್ತಾಗುತ್ತಾ ನೋಡಿ," ಎಂದು ಗೋರ್ಸ್ಕಿಗೆ ಸನ್ನೆ ಮಾಡಿದ.

ಟೇಪು ಎರಡು ಸಾಲು ಓಡಿರಲಿಲ್ಲ, ಆಕೆ ಸೌಟು ಕೆಳಗಿಟ್ಟರು.

"ಇವ್ಳು ನಮ್ಮ ಡೆಸ್ಸಿ! ಸಾಲಿನ ಕೊನೇಲಿ ನೋಡು, ಹೆಂಗೆ ಉಸಿರು ಬಿಗಿಹಿಡಿದು ಇಳಿಸ್ತಾಳೆ, ಥೇಟ್ ಅವರಪ್ಪ. ನೂರು ಜನ ಒಟ್ಟಿಗೆ ಹಾಡ್ಲಿ, ನಾನು ಹೆಕ್ಕಿ ತೆಗೀತೀನಿ." ಕಣ್ಣೊರೆಸಿಕೊಂಡರು. "ಕೊನೆಗೂ ರೆಕಾರ್ಡಲ್ಲಿ ಬಂತಾ ಇವಳದ್ದು?"

ಗೋರ್ಸ್ಕಿ ಟೇಪು ನಿಲ್ಲಿಸಿ ನೆಲ ನೋಡಿದ. ಬಾಗಿಲಲ್ಲಿ ಒಡೆಸ್ಸಾ ನಿಂತಿದ್ದಳು, ಲಾಂಡ್ರಿಯ ಸಮವಸ್ತ್ರದಲ್ಲಿ, ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು. ತಾಯಿಯ ಕೊನೆಯ ಮಾತಷ್ಟೇ ಅವಳಿಗೆ ಕೇಳಿಸಿತ್ತು.

"ನಡೀರಿ," ಎಂದಳು. "ಅಮ್ಮಾ, ಈಗ್ಬಂದೆ."

ಗೇನ್ಸ್ ಬೇಡಿ ಹಾಕಲಿಲ್ಲ. ಬಂಧನವನ್ನು ಕಾರಿನಲ್ಲಿ ಕೂತ ಮೇಲೆ ತಿಳಿಸಿದ.

ಹೇಳಿಕೆ ಕೊಡುವಾಗ ಅವಳು ಏನನ್ನೂ ಮುಚ್ಚಿಡಲಿಲ್ಲ.

"ಮೊನ್ನೆ ಬುಧವಾರ ನನ್ನ ಹಾಡು ರೇಡಿಯೋದಲ್ಲಿ ಮೊದಲನೇ ಸಲ ಹಾಕಿದ್ರು. ಅಮ್ಮಂಗೆ ಮೊದ್ಲೇ ಹೇಳಿರಲಿಲ್ಲ, ಕೇಳಿ ಕುಣಿದಾಡ್ಲಿ ಅಂತ. ಪೂರ್ತಿ ಕೇಳಿದ್ಲು. 'ದೊಡ್ಡ ಕಂಪನಿ ಹುಡುಗಿ ಎಷ್ಟು ಚೆನ್ನಾಗಿ ಹಾಡ್ತಾಳೆ, ನೀನು ಯಾವಾಗ ಹಾಡ್ತೀಯೇ ಡೆಸ್ಸಿ' ಅಂದ್ಲು."

"ನೀನು ಹೇಳಬಹುದಿತ್ತಲ್ಲ, ನಾನೇ ಅಂತ," ಎಂದ ಗೇನ್ಸ್.

"ಹೇಳಿದೆ. ನಕ್ಕುಬಿಟ್ಲು."

ಗೋರ್ಸ್ಕಿ ಅದನ್ನೂ ಟೈಪ್ ಮಾಡಿದ.

"ತಾಳ, ಪಿಟೀಲು ಯಾಕೆ ಬಿಟ್ಟೆ?"

"ಅದು ಅವರು ದುಡಿದದ್ದು. ಅಳಿಸೋಕೆ ನಾನ್ಯಾರು? ಕೆಂಪು ಗುಂಡಿ ಒತ್ತೋದು ನೋಡಿ ನೋಡಿ ಬಾಯಿಪಾಠ ಆಗಿತ್ತು. ಒತ್ತಿ, ಟೇಪು ಮುಗಿಯೋ ತನಕ ಹಲಗೆ ಮೇಲೆ ಸುಮ್ನೆ ನಿಂತಿದ್ದೆ."

"ಸುಮ್ನೆ ಎಲ್ಲಿ? ಹಾಡಿದೀಯ."

"ಹಾಡಿದ್ನಾ?"

ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಮೈಕಿನ ಮುಂದೆ ಹಲಗೆ ಮೆಟ್ಟಿ ನಿಂತವಳ ಕಿವಿಗೆ ಆ ತಾಳ ಬಿದ್ದರೆ ಬಾಯಿ ಅವಳ ಮಾತು ಕೇಳುತ್ತದೆಯೇ?

"ಕೇಳಿಸ್ತೀರಾ, ಒಂದ್ಸಲ?"

"ಟೇಪಿಗೆ ಮುದ್ರೆ ಹಾಕಿ ಆಯ್ತಮ್ಮ. ಇನ್ನು ಬಿಚ್ಚೋದು ಕೋರ್ಟಿನಲ್ಲೇ."

ಅವಳು ಹೇಳಿಕೆಗೆ ಸಹಿ ಹಾಕಿದಳು. ಪೆನ್ನು ವಾಪಸು ಕೊಡುವಾಗ ಕೇಳಿದಳು: "ಅಮ್ಮನೂ ಬರಬೇಕಾ ಅಲ್ಲಿಗೆ?"

"ದನಿ ಗುರುತು ಹಿಡಿದೋರು ಅವರೊಬ್ಬರೇ. ಸಾಕ್ಷಿ ಅವರೇ." ಗೇನ್ಸ್ ಅವಳ ಮುಖ ನೋಡಲಿಲ್ಲ. "ಜಡ್ಜ್ ಮುಂದೆ ಪ್ರಮಾಣ ಮಾಡಿ, ಇದು ನನ್ನ ಮಗಳ ದನಿ ಅಂತ ಹೇಳಬೇಕಾಗುತ್ತೆ."

ಒಡೆಸ್ಸಾ ತಲೆಯೆತ್ತಿದಳು.

"ಎಲ್ಲರ ಮುಂದೆನಾ?" ಎಂದಳು.