ಅಪ್ಪಂದಿರ ಬೋರ್ಡು

“ಅಪ್ಪಾ, ‘ದೆ’ ಕೆಳಗಿನ ಸಾಲಿಗೆ ಹೋಯ್ತು! ‘ಅಪ್ಪನಿಗೂ ಹಕ್ಕಿ’ ಅಂತ ಓದ್ತಾರೆ ಎಲ್ರೂ!”

ಬೇಕರಿಯ ಹಿಂದಿನ ಕೋಣೆಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂತಿದ್ದ ಚಿನಕುರಳಿ ಕಿಸಕ್ಕನೆ ನಕ್ಕಳು. ಅಪ್ಪ ನಾಲಿಗೆ ಕಚ್ಚಿಕೊಂಡ. ಕೇಕಿನ ಮೇಲೆ ಹೆಸರು ಬರೆದೂ ಬರೆದೂ ಅವನ ಅಕ್ಷರವೆಲ್ಲ ಗುಂಡುಗುಂಡಗೆ. ‘ಅಪ್ಪನಿಗೂ ಹಕ್ಕಿದೆ’ ಎಂಬ ಬೋರ್ಡು ಥೇಟ್ ಹ್ಯಾಪಿ ಬರ್ತ್‌ಡೇ ಥರ ಕಾಣುತ್ತಿತ್ತು.

ಅಪ್ಪ, ಅಮ್ಮ ಬೇರೆಯಾದ ಮೇಲೆ ಚಿನಕುರಳಿ ಅಮ್ಮನ ಜೊತೆಗಿದ್ದಳು. ಕೋರ್ಟು ಅಪ್ಪನಿಗೆ ಕೊಟ್ಟಿದ್ದು ಬರೀ ಭಾನುವಾರ. ಮಕ್ಕಳ ಜೊತೆ ಇರಲು ಇನ್ನಷ್ಟು ದಿನ ಬೇಕು, ಕಾನೂನು ಬದಲಾಗಲಿ ಎಂದು ಇವತ್ತು ಅಪ್ಪಂದಿರ ಮೆರವಣಿಗೆ.

ಅಷ್ಟರಲ್ಲಿ ಪಕ್ಕದ ಬೀದಿಯ ಲಾರಿ ಡ್ರೈವರ್ ಮಾಮ ಧಡಧಡನೆ ಒಳಗೆ ಬಂದ. ಅವನೂ ಮೆರವಣಿಗೆಗೆ ಹೊರಟವನೇ.

“ನನ್ನ ಬೋರ್ಡಲ್ಲಿ ‘ಮೋಸಗಾರ ಅಮ್ಮಂದಿರಿಗೆ ಧಿಕ್ಕಾರ’ ಅಂತ ಬರಿಯಪ್ಪಾ. ದಪ್ಪಕ್ಕೆ!”

ಚಿನಕುರಳಿ ಮೂಟೆಯಿಂದ ಜಿಗಿದಳು. “ನಮ್ಮಮ್ಮಂಗೂನಾ?”

“ಛೇ, ನಿಮ್ಮಮ್ಮಂಗಲ್ಲ ಮರೀ.”

“ಬೋರ್ಡಲ್ಲಿ ‘ನಿಮ್ಮಮ್ಮಂಗಲ್ಲ’ ಅಂತ ಎಲ್ಲಿರತ್ತೆ? ಅದನ್ನ ಹಿಡಿದ್ರೆ ನಾನು ಬರಲ್ಲ!” ಅವಳ ಮೂಗು ಕೆಂಪಾಯಿತು.

ಅಪ್ಪ ಬ್ರಷ್ ಕೆಳಗಿಟ್ಟ. “ಅಣ್ಣಾ, ನಂಗೂ ಇವಳಮ್ಮಂಗೂ ಸರಿಹೋಗ್ಲಿಲ್ಲ, ನಿಜ. ಆದ್ರೆ ಇವಳಿಗೆ ಜ್ವರ ಬಂದ್ರೆ ನಿದ್ದೆಗೆಟ್ಟು ಕೂರೋಳು ಅವಳೇ. ಇದನ್ನ ನಾನು ಬರೆಯಲ್ಲ.”

“ನಿಂಗೇನಪ್ಪ, ಭಾನುವಾರನಾದ್ರೂ ಇದೆ!” ಮಾಮನ ದನಿ ಏರಿತು, ಏರಿದಷ್ಟೇ ಬೇಗ ಇಳಿಯಿತು. “ನನ್ನ ಮಗನ ಮುಖ ನೋಡಿ ವರ್ಷ ಆಯ್ತು.”

ಚಿನಕುರಳಿ ಮಾಮನ ಹತ್ತಿರ ಬಂದಳು.

“ಹಾಗಿದ್ರೆ ಅದನ್ನೇ ಬರೆಸಿ ಮಾಮ,” ಎಂದಳು. “ಮಗನ್ನ ನೋಡ್ಬೇಕು ಅಂತ.”

ಮಾಮ ಗಡ್ಡ ಕೆರೆದುಕೊಂಡ. ಅತ್ತ ನೋಡಿದ, ಇತ್ತ ನೋಡಿದ. “ಸರಿ, ಬರಿ. ಆದ್ರೆ ದಪ್ಪಕ್ಕೇ ಬರಿ!”

ಮೆರವಣಿಗೆ ಜೋರೋ ಜೋರು. ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಮಾಮನ ಗಂಟಲಂತೂ ಮೈಕನ್ನೂ ಮೀರಿಸುತ್ತಿತ್ತು. ಚಿನಕುರಳಿ ಕುಣಿಯುತ್ತಲೇ ನಡೆದಳು.

ಎದುರಿನ ಫುಟ್‌ಪಾತಿನಲ್ಲಿ ಒಬ್ಬ ಹುಡುಗ ಬ್ಯಾಟು ಹಿಡಿದು ಓಡಿಹೋದ. ಮಾಮನ ಕೂಗು ಅರ್ಧಕ್ಕೇ ನಿಂತಿತು. ಕತ್ತು ಚಾಚಿ, ಹುಡುಗನ ಮುಖ ಕಾಣುವವರೆಗೂ ನೋಡಿದ. ಬೇರೆ ಯಾರೋ. ಮತ್ತೆ ಕೂಗತೊಡಗಿದ. ತಿರುವಿನಲ್ಲಿ ಇನ್ನೊಬ್ಬ ಹುಡುಗ ಕಂಡ. ಮತ್ತೆ ಕೂಗು ನಿಂತಿತು.

ಚಿನಕುರಳಿ ಕುಣಿಯುವುದನ್ನು ಬಿಟ್ಟಳು. ಅವಳ ಒಂದು ಕೈ ಅಪ್ಪನ ಕೈಯಲ್ಲಿತ್ತು. ಇನ್ನೊಂದನ್ನು ಮೆಲ್ಲಗೆ ಚಾಚಿ, ಮಾಮನ ಕಿರುಬೆರಳು ಹಿಡಿದುಕೊಂಡಳು.