ಮಡಚಿದ ಮೂಲೆ

"ಎಂಟು! ಇಪ್ಪತ್ತಕ್ಕೆ ಬರೀ ಎಂಟು!"

ಒಲ್ಫಾ ಬಾಗಿಲಲ್ಲೇ ನಿಂತುಬಿಟ್ಟಳು.

ಸ್ಫಾಕ್ಸ್ ನಗರದ ಯುವಕೇಂದ್ರದಲ್ಲಿ, ಶಾಲೆ ಮುಗಿಸುವ ಬಾಕ್ ಪರೀಕ್ಷೆಯ ಮಕ್ಕಳಿಗೆ ಪ್ರಬಂಧ ಬರೆಯುವ ಅಭ್ಯಾಸ ಮಾಡಿಸಲು ಅವಳು ಸೇರಿ ಒಂದೇ ವಾರ. ಜೊತೆಗೆ ಕಲಿಸುವ ಲಸ್ಸಾದ್‌ನನ್ನು ನೋಡುತ್ತಿರುವುದು ಇದೇ ಮೊದಲು. ಎತ್ತರದ ಆಳು, ಮೊಣಕೈವರೆಗೆ ಮಡಚಿದ ಅಂಗಿತೋಳು, ಕೈಯಲ್ಲೊಂದು ಉತ್ತರಪತ್ರಿಕೆ...

ಅಯ್ಯೋ! ಅದು ಅವಳದೇ!

"ಮೇಡಂ, ನಾಲ್ಕು ಗಂಟೆ ಕೂತು ನೀವೂ ಬರೀರಿ ನೋಡೋಣ" ಎಂದು ಮಕ್ಕಳು ಕೆಣಕಿದ್ದರು. ಕೂತು ಬರೆದಿದ್ದಳು. 'ಇನ್ನೊಬ್ಬರಿಲ್ಲದೆ ನನ್ನನ್ನು ನಾನು ಅರಿಯಬಲ್ಲೆನೇ?' ಎಂಬ ವಿಷಯ. ಬಾಕ್‌ನಲ್ಲಿ ಮಾಡುವಂತೆಯೇ ಹೆಸರಿರುವ ಮೂಲೆಯನ್ನು ಮಡಚಿ ಅಂಟಿಸಿ, ಯಾರೂ ನೋಡದಂತೆ ರಾಶಿಯೊಳಗೆ ತೂರಿಸಿದ್ದಳು.

"ಹನ್ನೊಂದು ಸಲ 'ತತ್ವಜ್ಞಾನಿಗಳು ಹೇಳಿದಂತೆ' ಅಂತಿದೆ" ಎಂದ ಲಸ್ಸಾದ್. "ತತ್ವಜ್ಞಾನಿಗಳೆಲ್ಲ ಹಾಜರ್. ಬರೆದೋರು ಮಾತ್ರ ರಜೆ ಮೇಲಿದ್ದಾರೆ!"

ತರಗತಿ ಗೊಳ್ಳೆಂದಿತು. ಶೀರಾಜ್ ಎಂಬ ಹುಡುಗಿಯಂತೂ ಅವನದೇ ಗಂಟಲಲ್ಲಿ "ರಜೆ ಮೇಲಿದ್ದಾರೆ!" ಎಂದು ಅಣಕಿಸಿದಳು.

ಒಲ್ಫಾಳ ಕಿವಿ ಕೆಂಪಾಯಿತು.

"ಎರಡನೇ ಪರೀಕ್ಷಕಿ ನಾನು. ಆ ರಾಶಿ ಇತ್ತ ಕೊಡಿ, ಲಸ್ಸಾದ್ ಸಾರ್."

ಅಂದು ಸಂಜೆ ತನ್ನ ಪತ್ರಿಕೆಗೆ ತಾನೇ ಅಂಕ ಹಾಕಿಕೊಂಡಳು.

ಹದಿನೇಳು!

ಅಲ್ಲೇ ಎಡವಟ್ಟಾಗಿದ್ದು. ಇಬ್ಬರು ಪರೀಕ್ಷಕರ ನಡುವೆ ನಾಲ್ಕು ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ಇಬ್ಬರೂ ಕೂತು ಮಾತಾಡಬೇಕು, ಒಮ್ಮತಕ್ಕೆ ಬರುವವರೆಗೂ. ಅದು ಕೇಂದ್ರದ ನಿಯಮ. ಕೊನೆಯ ದಿನ ಮಕ್ಕಳೆದುರಿಗೇ ಮೂಲೆ ಬಿಚ್ಚಿ ಹೆಸರು ಓದುವುದು ಇನ್ನೊಂದು ನಿಯಮ.

ಹಾಗೆ ಶುರುವಾಯಿತು ಜಗಳ. ಮಂಗಳವಾರ, ಶುಕ್ರವಾರ... ನಡುವೆ ಕಿತ್ತಳೆ ಹೂವಿನ ನೀರು ಬೆರೆಸಿದ ಎರಡು ಲೋಟ ಕಾಫಿ.

"ನಿಮಗೆ ಕರುಳೇ ಇಲ್ವಾ?"

"ಇರೋದಕ್ಕೇ ಎಂಟು ಕೊಟ್ಟೆ, ಮೇಡಂ. ಕೊನೇ ಪುಟದಲ್ಲಿ ಒಂದೇ ಒಂದು ಸಾಲು ಬರೆದು ಹೊಡೆದುಹಾಕಿದ್ದಾರೆ, ನೋಡಿದ್ರಾ? 'ನನ್ನ ಮಾತು ತಪ್ಪಾದರೆ ನಗ್ತಾರೇನೋ' ಅಂತ. ಇಡೀ ಪ್ರಬಂಧದಲ್ಲಿ ಅದೊಂದೇ ನಿಜ. ಈ ಜೀವ ಯಾಕಿಷ್ಟು ಹೆದರಿದೆ ಅಂತ ನಂಗೆ ನಿದ್ದೆ ಬರಲ್ಲ."

ಒಲ್ಫಾಳ ಲೋಟ ತುಟಿಯ ಹತ್ತಿರವೇ ನಿಂತಿತು. ಮೂವತ್ತು ವರ್ಷದಲ್ಲಿ ಅವಳನ್ನು ಇಷ್ಟು ಹತ್ತಿರದಿಂದ ಯಾರೂ ಓದಿರಲಿಲ್ಲ...

'ಹೇಳಿಬಿಡಲೇ? ತನಗೆ ತಾನೇ ಅಂಕ ಹಾಕಿಕೊಂಡವಳು ಅಂತ ಗೊತ್ತಾದರೆ ಇವನು ನನ್ನ ಮುಖ ನೋಡುತ್ತಾನೆಯೇ?'

ಹೇಳಲಿಲ್ಲ. ಆರು ವಾರ ಕಳೆದವು. ಅವನು ಎಂಟರಿಂದ ಇಳಿಯಲಿಲ್ಲ, ಏರಲೂ ಇಲ್ಲ. ಅವಳಿಗೋ, ಅವನಿಲ್ಲದ ಬುಧವಾರ, ಗುರುವಾರಗಳೇ ಬೇಡವಾಗಿದ್ದವು.

ಕೊನೆಯ ದಿನ ಬಂದೇ ಬಂತು.

ಲಸ್ಸಾದ್ ಒಂದೊಂದೇ ಮೂಲೆ ಬಿಚ್ಚುತ್ತಾ ಹೆಸರು ಓದಿದ. ಉಳಿದದ್ದು ಒಂದೇ ಪತ್ರಿಕೆ. ಅವನು ಅದರ ಮೂಲೆ ಬಿಚ್ಚಲಿಲ್ಲ. ಮೆಲ್ಲಗೆ ಪುಸ್ತಕದೊಳಗೆ ಸರಿಸಿದ.

'ಮರೆತನೇ? ಸುಮ್ಮನಿದ್ದರೆ ಬಚಾವಾಗುತ್ತೇನೆ...'

ಒಲ್ಫಾ ಎದ್ದು ನಿಂತಳು. ಪುಸ್ತಕ ತೆರೆದು, ಎಲ್ಲರೆದುರಿಗೆ ಮೂಲೆ ಬಿಚ್ಚಿದಳು.

"ಇದು ನಂದು, ಮಕ್ಕಳೇ. ಎಂಟೇ ಸರಿ. ಹದಿನೇಳು ಹಾಕಿದ್ದು ನಾನೇ, ಅದು ಮೋಸ. ನಗ್ತೀರೇನೋ ಅಂತ ಹೆದರಿ ದೊಡ್ಡವರ ಮಾತಿನ ಹಿಂದೆ ಅಡಗಿಕೊಂಡಿದ್ದೆ. ಪರೀಕ್ಷೇಲಿ ನೀವು ಹಾಗೆ ಮಾಡಬೇಡಿ. ಇನ್ನೊಬ್ಬರು ಓದೋವರೆಗೂ... ನಾನು ಎಲ್ಲಿದ್ದೀನಿ ಅಂತ ನಂಗೇ ಗೊತ್ತಿರಲಿಲ್ಲ."

ಆಮೇಲೆ ಶೀರಾಜ್, ಥೇಟ್ ಲಸ್ಸಾದ್‌ನ ಗಂಟಲಲ್ಲಿ:

"ಬರೆದೋರು ರಜೆ ಮುಗಿಸಿ ಬಂದ್ರು, ಸಾರ್!"

ಈ ಸಲ ಒಲ್ಫಾಳೂ ನಕ್ಕಳು. ಕಣ್ಣು ಮಾತ್ರ ತುಂಬಿತ್ತು.

ಮಕ್ಕಳು ಹೋದ ಮೇಲೆ ಅವಳು ತಲೆ ತಗ್ಗಿಸಿಯೇ ಕೇಳಿದಳು. "ಬೈಯಲ್ವಾ?"

"ಮೂರನೇ ಜಗಳದ ದಿನ ನೀವು ಬೋರ್ಡ್ ಮೇಲೆ ಬರೆದಿರಲ್ಲ, ಆ ಅಕ್ಷರ ನೋಡಿದಾಗಲೇ ಗೊತ್ತಾಯ್ತು."

"ಏನು! ಗೊತ್ತಿದ್ದೂ ಎಂಟಕ್ಕೇ ಅಂಟಿಕೊಂಡಿದ್ರಾ?"

"ಒಪ್ಪಿಬಿಟ್ಟಿದ್ರೆ ನೀವು ಕಾಫಿಗೆ ಬರ್ತಿದ್ರಾ?"

ಅವಳು ತಲೆ ಎತ್ತಿ ಅವನನ್ನು ನೋಡಿದಳು.

"ನಿಮ್ಮನ್ನ ಎಲ್ಲರೆದುರು ನಗೆಪಾಟಲು ಮಾಡಿದೆ, ಒಲ್ಫಾ. ಅದು ನನ್ನ ತಪ್ಪು. ಅದಕ್ಕೇ ಪತ್ರಿಕೆ ಬಚ್ಚಿಟ್ಟೆ. ಇವತ್ತು ನೀವು ಹೇಳಿದ್ದಕ್ಕೆ ಹದಿನೇಳು ಕೊಡ್ತೀನಿ."

"ಇನ್ನು ಮೂರು?"

"ಅದು ಎರಡನೇ ಪರೀಕ್ಷಕರ ಕೈಲಿದೆ. ನಮ್ಮಮ್ಮ. ಭಾನುವಾರ ಮೀನಿನ ಕುಸ್‌ಕುಸ್ ಮಾಡ್ತಾರೆ. ಬರ್ತೀರಾ?"

ಒಲ್ಫಾ ಸೆರಗಿಲ್ಲದ ಅಂಗಿಯ ತುದಿಯನ್ನೇ ಬೆರಳಿಗೆ ಸುತ್ತಿಕೊಂಡಳು.

"ಅವರದಕ್ಕೂ ನಿಮ್ಮದಕ್ಕೂ ನಾಲ್ಕಕ್ಕಿಂತ ಹೆಚ್ಚು ಅಂತರ ಬಂದ್ರೆ?"

"ನಿಯಮ ಇದೆಯಲ್ಲ," ಅವನು ಅವಳ ಬೆರಳು ಹಿಡಿದ. "ಕೂತು ಮಾತಾಡೋಣ... ಒಮ್ಮತಕ್ಕೆ ಬರೋವರೆಗೂ."

"ನಾನು ಬೇಗ ಒಪ್ಪೋಳಲ್ಲ!"

"ಗೊತ್ತು. ಕಾಫಿಗೆ ಹೇಳಿ ಬಂದಿದ್ದೀನಿ."